ಅಜ್ಜಿಯ ಮಚ್ಚೆ ಮತ್ತು ಒಂದು ಕತ್ತಲೆ ಕೋಣೆ

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕಿನೊಳಗೆ ಅಜ್ಜಿಯ ಫೋಟೋ ಸಿಕ್ಕಿತು. ನಮ್ಮನೆಯಲ್ಲಿ ಅಜ್ಜಿಯದು ಅಂತ ಇರುವುದು ಇದೊಂದೇ ಫೋಟೋ. 1955ರ ಆಸುಪಾಸಿನಲ್ಲಿ ಸಾಗರದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದಂತೆ. ಕುರ್ಚಿಯಲ್ಲಿ ಅಜ್ಜ, ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ ಅಜ್ಜಿ, ಹಿಂದೆ ಪರದೆಯ ಮೇಲೆ ಬರೆದ ಅರಮನೆ ಕಂಬಗಳು. ಇಷ್ಟೊಂದು ಮಳೆಗಾಲ ಕಂಡ ಫೋಟೋ ಅಲ್ಲವೇ, ಬೂಷ್ಟು ಹಿಡಿದು ಮೈತುಂಬ ಕಂದು ಚುಕ್ಕೆ. ಒಂದು ಮೂಲೆಯನ್ನು ಹುಳ ತಿಂದಿತ್ತು.

ಬೆಂಗಳೂರಿಗೆ ತಂದು ಸ್ಕ್ಯಾನ್ ಮಾಡಿದೆ. ಎರಡು ಭಾನುವಾರ ಕೂತು ಗಿಂಪ್‌ನ ಹೀಲ್ ಟೂಲ್ ಹಿಡಿದು ಚುಕ್ಕೆಗಳನ್ನು ಒಂದೊಂದಾಗಿ ಒರೆಸಿದೆ. ಹುಳ ತಿಂದ ಮೂಲೆಗೂ ಪಕ್ಕದ ನೆಲದಿಂದ ತೇಪೆ ಹಾಕಿದೆ. ಹೆಂಡತಿ ನೋಡಿ "ಹೊಸದಾಗಿ ತೆಗೆಸಿದ ಹಾಗಿದೆ" ಅಂದಳು. ಹಿಗ್ಗಿ ಹೀರೇಕಾಯಿಯಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಮುಂದಿನ ಸಲ ಹೋದಾಗ ದೊಡ್ಡತ್ತೆಯ ಕೈಯಲ್ಲಿಟ್ಟೆ. ಅತ್ತೆಗೆ ಎಂಬತ್ತು ದಾಟಿದೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

"ಚೆನ್ನಾಗಿ ಮಾಡಿದೀಯ ಮಾರಾಯ. ಆದ್ರೆ ಅಮ್ಮನ ಮಚ್ಚೆ ಎಲ್ಲೋ?"

ಎಡಗೆನ್ನೆಯ ಕೆಳಗೆ, ಗಲ್ಲದ ಪಕ್ಕ, ಅಜ್ಜಿಗೆ ಮಚ್ಚೆ ಇತ್ತಂತೆ. ನಾನು ಅಜ್ಜಿಯನ್ನು ನೋಡಿದವನೇ ಅಲ್ಲ. ಬೂಷ್ಟಿನ ಚುಕ್ಕೆ ಅಂದುಕೊಂಡು ಒರೆಸಿ ಹಾಕಿದ್ದೆ!

ಅವತ್ತಿನಿಂದ ಈ ಫೋಟೋ ತಿದ್ದುವ ಕೆಲಸದ ಚರಿತ್ರೆಯೇ ತಲೆಯಲ್ಲಿ ಕೊರೆಯುತ್ತಿದೆ. ನಾವೆಲ್ಲ "ಫೋಟೋಶಾಪ್ ಮಾಡಿದ್ದು" ಅಂತ ಬೈಯುತ್ತೇವಲ್ಲ, ಫೋಟೋಶಾಪ್ ಹುಟ್ಟುವ ನೂರು ವರ್ಷ ಮೊದಲೇ ಅದೆಲ್ಲ ನಡೆದಿತ್ತು. ಫೋಟೋಶಾಪ್ ಮಾಡಿದ್ದು ಇಷ್ಟೇ, ಆ ಕತ್ತಲೆ ಕೋಣೆಯನ್ನು ಸಾಮಾನು ಸರಂಜಾಮು ಸಮೇತ ಹೊತ್ತು ತಂದು ನಮ್ಮ ಮೇಜಿನ ಮೇಲಿಟ್ಟಿತು.

ನಂಬಿಕೆ ಬರದಿದ್ದರೆ ಟೂಲ್‌ಬಾಕ್ಸ್ ನೋಡಿ. ಡಾಡ್ಜ್ ಟೂಲಿನ ಚಿತ್ರ ಕಡ್ಡಿಗೆ ಸಿಕ್ಕಿಸಿದ ಪೆಪ್ಪರ್‌ಮೆಂಟಿನ ಹಾಗಿದೆ. ಬರ್ನ್ ಟೂಲಿನ ಚಿತ್ರ ಬೆರಳು ಮಡಿಸಿದ ಒಂದು ಕೈ. ಬಹಳ ವರ್ಷ ಇವೆರಡೂ ಯಾಕೆ ಹೀಗಿವೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಕಾಲೇಜಿನಲ್ಲಿದ್ದಾಗ ಡಾರ್ಕ್‌ರೂಮಿನಲ್ಲಿ ಒಂದಷ್ಟು ದಿನ ಕೈ ಒದ್ದೆ ಮಾಡಿಕೊಂಡವನಾದರೂ ಹೊಳೆದಿರಲಿಲ್ಲ ಎನ್ನುವುದು ನಾಚಿಕೆಗೇಡು. ಕೆಂಪು ದೀಪ, ಹೈಪೋ ವಾಸನೆ, ಟ್ರೇಯಲ್ಲಿ ಮೆಲ್ಲಗೆ ಮೂಡುವ ಮುಖ... ಅನುಭವಿಸಿದವರಿಗೆ ಗೊತ್ತು. ಅಲ್ಲಿ ಎನ್‌ಲಾರ್ಜರಿನ ಬೆಳಕು ನೆಗೆಟಿವ್ ಮೂಲಕ ಹಾದು ಕೆಳಗಿನ ಕಾಗದದ ಮೇಲೆ ಬೀಳುತ್ತದೆ. ಕಾಗದಕ್ಕೆ ಬೆಳಕು ಬಿದ್ದಷ್ಟೂ ಅದು ಕಪ್ಪಾಗುತ್ತದೆ. ಮುಖ ಬೆಳ್ಳಗೆ ಬರಬೇಕೆಂದರೆ ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು ಬೆಳಕಿಗೆ ಅಡ್ಡ ಹಿಡಿದು ಅಲ್ಲಾಡಿಸಬೇಕು. ಆ ಬಿಲ್ಲೆಯೇ ಟೂಲ್‌ಬಾಕ್ಸಿನ ಪೆಪ್ಪರ್‌ಮೆಂಟು. ಆಕಾಶ ಕಪ್ಪಾಗಬೇಕೆಂದರೆ ಎರಡು ಅಂಗೈ ಸೇರಿಸಿ ಕಂಡಿ ಮಾಡಿ, ಅಲ್ಲಿಗಷ್ಟೇ ಇನ್ನಷ್ಟು ಬೆಳಕು ಬೀಳಿಸಬೇಕು. ಬರ್ನ್ ಟೂಲಿನ ಕೈ ಅದು.

ಇದರಲ್ಲೊಂದು ಪಾಠವೂ ಇದೆ. ಡಾರ್ಕ್‌ರೂಮಿನಲ್ಲಿ ಬಿಲ್ಲೆಯನ್ನು ಒಂದೇ ಕಡೆ ನಿಲ್ಲಿಸಿದರೆ ಅದರ ಅಂಚು ಕಾಗದದ ಮೇಲೆ ಮೂಡಿ ಮಾನ ಹೋಗುತ್ತಿತ್ತು. ಅದಕ್ಕೇ ಸದಾ ಅಲ್ಲಾಡಿಸುತ್ತಿದ್ದರು. ಕಂಪ್ಯೂಟರಿನಲ್ಲೂ ಅಷ್ಟೇ. ಎಕ್ಸ್‌ಪೋಶರ್ ಶೇಕಡಾ ಐದೋ ಹತ್ತೋ ಇಟ್ಟುಕೊಂಡು, ಅಂಚು ಮೆತ್ತಗಿರುವ ದೊಡ್ಡ ಬ್ರಷ್ಷಿನಲ್ಲಿ ನಾಲ್ಕಾರು ಸಲ ಸವರಬೇಕು. ಐವತ್ತಕ್ಕಿಟ್ಟು ಒಂದೇ ಸಲ ಎಳೆದರೆ ಮದುವೆ ಆಲ್ಬಮ್ಮಿನ ಮದುಮಗಳ ಮುಖದ ಹಾಗೆ ಸುಣ್ಣ ಬಳಿದಂತಾಗುತ್ತದೆ :-)

ಹಾಗೆಯೇ ಕ್ರಾಪ್ ಟೂಲಿನ ಚಿತ್ರದಲ್ಲಿರುವುದು ಎದುರುಬದುರು ಇಟ್ಟ ಎರಡು ರಟ್ಟಿನ ಮೂಲೆಗಳು. ಪ್ರಿಂಟಿನ ಮೇಲೆ ಅವನ್ನು ಹಿಂದೆ ಮುಂದೆ ಸರಿಸಿ ಎಷ್ಟು ಇಟ್ಟುಕೊಳ್ಳಬೇಕು ಅಂತ ನೋಡುತ್ತಿದ್ದರು. ಕ್ವಿಕ್ ಮಾಸ್ಕ್ ಹಾಕಿದರೆ ಚಿತ್ರದ ಮೇಲೆ ಕೆಂಪು ಪರದೆ ಬರುತ್ತದಲ್ಲ, ಅದು ಮುದ್ರಣಾಲಯಗಳಲ್ಲಿ ಬ್ಲೇಡಿನಿಂದ ಕತ್ತರಿಸಿ ಬಳಸುತ್ತಿದ್ದ ರೂಬಿಲಿತ್ ಎಂಬ ಕೆಂಪು ಹಾಳೆಯ ನೆನಪು.

ಎಲ್ಲಕ್ಕಿಂತ ಮಜಾ ಇರುವುದು ಅನ್‌ಶಾರ್ಪ್ ಮಾಸ್ಕ್. ಚಿತ್ರವನ್ನು ಶಾರ್ಪ್ ಮಾಡುವ ಫಿಲ್ಟರಿಗೆ "ಅನ್‌ಶಾರ್ಪ್" ಅಂತ ಯಾಕೆ ಹೆಸರಿಟ್ಟರೋ ಅಂತ ನಾನು ಎಷ್ಟೋ ಸಲ ತಲೆ ಕೆರೆದುಕೊಂಡಿದ್ದೆ. ಇದೂ ಫಿಲ್ಮ್ ಕಾಲದ ಬಳುವಳಿಯೇ. ನೆಗೆಟಿವ್‌ನಿಂದ ಬೇಕೆಂದೇ ಮಸುಕಾದ, ತೆಳು ಪಾಸಿಟಿವ್ ಒಂದನ್ನು ತಯಾರಿಸಿ, ಅದನ್ನು ಮೂಲ ನೆಗೆಟಿವ್‌ಗೆ ಜೋಡಿಸಿ ಎರಡರ ಮೂಲಕವೂ ಪ್ರಿಂಟ್ ಹಾಕುತ್ತಿದ್ದರು. ದೊಡ್ಡ ದೊಡ್ಡ ಬೆಳಕು ನೆರಳುಗಳ ಅಂತರ ಅಷ್ಟರ ಮಟ್ಟಿಗೆ ತಗ್ಗುತ್ತಿತ್ತು. ಮಸುಕು ಪ್ರತಿಯಲ್ಲಿ ಇಲ್ಲದೇ ಇರುವುದು ಸೂಕ್ಷ್ಮ ಗೆರೆಗಳು ಮಾತ್ರ, ಹಾಗಾಗಿ ಅವಷ್ಟೇ ಎದ್ದು ಕಾಣುತ್ತಿದ್ದವು. ಮಸುಕಾಗಿರುವುದು ಮಾಸ್ಕ್, ಚಿತ್ರ ಅಲ್ಲ! ಡೇವಿಡ್ ಮಾಲಿನ್ ಎಂಬ ಛಾಯಾಗ್ರಾಹಕ ಆಸ್ಟ್ರೇಲಿಯಾದ ವೀಕ್ಷಣಾಲಯದಲ್ಲಿ 1970ರ ದಶಕದಲ್ಲಿ ಇದೇ ಉಪಾಯದಿಂದ ನಕ್ಷತ್ರಪುಂಜಗಳ ಫೋಟೋ ಪ್ಲೇಟುಗಳಲ್ಲಿ ಅಡಗಿದ್ದ ವಿವರಗಳನ್ನು ಹೊರತೆಗೆದ. ಇಷ್ಟು ತಿಳಿದರೆ ಆ ಫಿಲ್ಟರಿನ 'ರೇಡಿಯಸ್' ಅಂದರೆ ಏನು ಅಂತ ಕೇಳಬೇಕಾಗಿಲ್ಲ. ಮಸುಕು ಪ್ರತಿ ಎಷ್ಟು ಮಸುಕಾಗಿರಬೇಕು ಎಂಬ ಅಳತೆ ಅದು. ಚಿತ್ರವನ್ನು ಬೇಕಾದ ಗಾತ್ರಕ್ಕೆ ಇಳಿಸಿದ ಮೇಲೆ, ಕಟ್ಟಕಡೆಯಲ್ಲಿ ಇದನ್ನು ಹಾಕಿ. ಮೊದಲೇ ಹಾಕಿದರೆ ಅಂಚುಗಳ ಸುತ್ತ ಬಿಳಿ ಪ್ರಭಾವಳಿ ಬರುತ್ತದೆ.

ಇನ್ನು "ತಿದ್ದುವುದು ಮೋಸ" ಎನ್ನುವ ಮಾತು. ಅದೂ ಹಳೆಯದೇ. 1856-57ರಲ್ಲಿ ಗುಸ್ತಾವ್ ಲೆ ಗ್ರೆ ಎಂಬ ಫ್ರೆಂಚ್ ಛಾಯಾಗ್ರಾಹಕ ತೆಗೆದ ಸಮುದ್ರದ ಚಿತ್ರಗಳನ್ನು ನೋಡಿ ಜನ ಬೆರಗಾಗಿದ್ದರು. ಅಂದಿನ ಕೊಲೋಡಿಯನ್ ಪ್ಲೇಟುಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಅಲೆ ಸರಿಯಾಗಿ ಬಂದರೆ ಆಕಾಶ ಬರೀ ಬಿಳಿ ಗೋಡೆ, ಆಕಾಶ ಬಂದರೆ ಅಲೆ ಕಪ್ಪು. ಲೆ ಗ್ರೆ ಅಲೆಗೊಂದು ನೆಗೆಟಿವ್, ಮೋಡಕ್ಕೊಂದು ನೆಗೆಟಿವ್ ಇಟ್ಟು ದಿಗಂತದಲ್ಲಿ ಎರಡನ್ನೂ ಬೆಸೆದ ಚಿತ್ರಗಳು ಹಲವು. ಈಗ ನಮ್ಮ ಮೊಬೈಲು ಎಚ್‌ಡಿಆರ್ ಅಂತ ತಾನಾಗಿಯೇ ಹಲವು ಎಕ್ಸ್‌ಪೋಶರ್‌ಗಳನ್ನು ಬೆಸೆಯುವುದು ಇದೇ ಕಷ್ಟಕ್ಕೆ ಮದ್ದಾಗಿ. ಅದೇ 1857ರಲ್ಲಿ ಇಂಗ್ಲೆಂಡಿನಲ್ಲಿ ಆಸ್ಕರ್ ರೆಯ್ಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ದೊಡ್ಡ ಚಿತ್ರ ಮಾಡಿ ಮ್ಯಾಂಚೆಸ್ಟರಿನ ಪ್ರದರ್ಶನದಲ್ಲಿಟ್ಟ. ದೊಡ್ಡ ಗಲಾಟೆಯಾಯಿತು. ವಿಕ್ಟೋರಿಯಾ ರಾಣಿ ಮಾತ್ರ ಒಂದು ಪ್ರತಿ ಕೊಂಡುಕೊಂಡಳು.

ಕಪ್ಪು ಅಧ್ಯಾಯವೂ ಉಂಟು. 1937ರಲ್ಲಿ ಮಾಸ್ಕೋದ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ಪಕ್ಕ ನಡೆಯುತ್ತಿದ್ದ ಗುಪ್ತ ಪೊಲೀಸ್ ಮುಖ್ಯಸ್ಥ ಯೆಝೋವ್, 1940ರಲ್ಲಿ ಅವನನ್ನೇ ಕೊಂದ ಮೇಲೆ ಫೋಟೋದಿಂದಲೂ ಮಾಯವಾದ. ಅವನಿದ್ದ ಜಾಗದಲ್ಲಿ ಕಾಲುವೆಯ ನೀರು! ಯಾವ ಕಂಪ್ಯೂಟರೂ ಇರಲಿಲ್ಲ, ಕೈಕೆಲಸ ಅಷ್ಟೇ.

ಆದರೆ ಆನ್ಸೆಲ್ ಆಡಮ್ಸ್ ಮಾಡಿದ್ದನ್ನು ಏನೆನ್ನುತ್ತೀರಿ? 1941ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಕಾರು ಓಡಿಸಿಕೊಂಡು ಹೋಗುತ್ತಿದ್ದಾಗ ಹೆರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರಿದ್ದು, ಸ್ಮಶಾನದ ಶಿಲುಬೆಗಳ ಮೇಲೆ ಸಂಜೆ ಬಿಸಿಲು ಬಿದ್ದದ್ದು ಕಂಡಿತು. ಗಡಿಬಿಡಿಯಲ್ಲಿ ಲೈಟ್ ಮೀಟರ್ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬ ಲೆಕ್ಕ ಬಾಯಿಪಾಠ ಇದ್ದದ್ದರಿಂದ ಅದರ ಮೇಲೇ ಎಕ್ಸ್‌ಪೋಶರ್ ಇಟ್ಟು ಒಂದು ಚಿತ್ರ ತೆಗೆದ. ಇನ್ನೊಂದು ತೆಗೆಯುವಷ್ಟರಲ್ಲಿ ಬಿಸಿಲು ಹೋಗಿತ್ತು. ಆ ಒಂದು ನೆಗೆಟಿವ್‌ನಿಂದ ಮುಂದೆ ದಶಕಗಳ ಕಾಲ ನೂರಾರು ಪ್ರಿಂಟ್ ಹಾಕಿದ, ಬರ್ನ್ ಮಾಡುತ್ತಾ ಮಾಡುತ್ತಾ ವರ್ಷ ಕಳೆದಂತೆ ಆಕಾಶ ಕಪ್ಪಾಗುತ್ತಾ ಹೋಯಿತು. ಮೊದಮೊದಲ ಪ್ರಿಂಟುಗಳಲ್ಲಿ ಮೋಡದ ಎಳೆಗಳು ಕಾಣುತ್ತವೆ, ಕೊನೆಯವುಗಳಲ್ಲಿ ಕಾಡಿಗೆ ಕಪ್ಪು. ಸ್ವತಃ ಪಿಯಾನೋ ಕಲಿತಿದ್ದ ಆತ ನೆಗೆಟಿವ್ ಅನ್ನು ಸಂಗೀತದ ಸ್ವರಪ್ರಸ್ತಾರಕ್ಕೂ ಪ್ರಿಂಟನ್ನು ಕಛೇರಿಗೂ ಹೋಲಿಸುತ್ತಿದ್ದ. ನಮ್ಮಲ್ಲಿ ಒಂದೇ ಕೃತಿಯನ್ನು ಒಬ್ಬರೇ ವಿದ್ವಾಂಸರು ಇಪ್ಪತ್ತರಲ್ಲೊಂದು ಥರ, ಎಪ್ಪತ್ತರಲ್ಲೊಂದು ಥರ ಹಾಡುವುದಿಲ್ಲವೇ, ಹಾಗೆ. ಇದನ್ನು ಮೋಸ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಕಂಪ್ಯೂಟರಿನ ಕಥೆಗೆ ಬರೋಣ. ಇಲ್ಲಿ ನನಗೆ ಇಷ್ಟವಾದ ಸಂಗತಿ, ಅದು ಶುರುವಾಗುವುದೂ ಮನೆಯವರ ಫೋಟೋದಿಂದಲೇ. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ರಸೆಲ್ ಕಿರ್ಶ್, ತಮ್ಮ ಮೂರು ತಿಂಗಳ ಮಗ ವಾಲ್ಡನ್‌ನ ಫೋಟೋ ತಂದು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿದರು. ಅಡ್ಡ 176, ಉದ್ದ 176 ಚೌಕಗಳು, ಅಷ್ಟೇ. ಕಂಪ್ಯೂಟರಿಗೆ ಓದಿಸಿದ ಮೊದಲ ಫೋಟೋ ಅದು. ಪಿಕ್ಸೆಲ್ ಚೌಕವಾಗಿರಲಿ ಅಂತ ಅಂದು ತೀರ್ಮಾನಿಸಿದ್ದಕ್ಕೆ ಕಿರ್ಶ್ ಮುದಿವಯಸ್ಸಿನಲ್ಲಿ ಪರಿತಪಿಸುತ್ತಾ ಬೇರೆ ಆಕಾರದ ಪಿಕ್ಸೆಲ್‌ಗಳ ಮೇಲೆ ಕೆಲಸ ಮಾಡುತ್ತಿದ್ದರು. 2020ರಲ್ಲಿ ತೀರಿಕೊಂಡರು. 1975ರ ಕೊನೆಯಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಮಾಡಿದ ಮೂರೂವರೆ ಕಿಲೋ ತೂಕದ, ಕ್ಯಾಸೆಟ್ಟಿಗೆ ಚಿತ್ರ ಬರೆಯುವ ಡಿಜಿಟಲ್ ಕ್ಯಾಮೆರಾದ ಕಥೆ ಎಲ್ಲರಿಗೂ ಗೊತ್ತಿರುವುದೇ, ಬಿಡಿ.

ಎಲ್ಲರಿಗೂ ಗೊತ್ತಿಲ್ಲದ್ದು ನಮ್ಮ ಬೆಂಗಳೂರಿನದು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಕೆ. ಆರ್. ಸರ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ (ಈಗಿನ ಯುವಿಸಿಇ) 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದವರು ನಾಸಿರ್ ಅಹ್ಮದ್. 1972ರಲ್ಲಿ ಅವರಿಗೊಂದು ಗಣಿತದ ಉಪಾಯ ಹೊಳೆದು, ಅದರ ಅಧ್ಯಯನಕ್ಕೆ ಹಣ ಕೇಳಿದರೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಕೊಡಲಿಲ್ಲ. ಹಟ ಬಿಡದೆ ಟಿ. ನಟರಾಜನ್, ಕೆ. ಆರ್. ರಾವ್ ಜೊತೆಗೂಡಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. 1992ರಲ್ಲಿ ಬಂದ ಜೆಪಿಇಜಿಯ ಎದೆಬಡಿತ ಇದೇ. ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಸಣ್ಣ ದೊಡ್ಡ ಅಲೆಗಳ ಮೊತ್ತವಾಗಿ ಬರೆದು, ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಅಲೆಗಳ ಲೆಕ್ಕವನ್ನು ಒರಟೊರಟಾಗಿ ಸರಿಹೊಂದಿಸುವುದು. ಫೈಲು ಚಿಕ್ಕದಾಗುವುದು ಹೀಗೆ. ನೀವು ನೋಡಿದ ಜೆಪಿಇಜಿ ಫೋಟೋಗಳಲ್ಲೆಲ್ಲ ಕೆ. ಆರ್. ಸರ್ಕಲ್ಲಿನ ಒಬ್ಬ ವಿದ್ಯಾರ್ಥಿಯ ಗಣಿತ ಇದೆ ಅಂದರೆ ಮೈ ಜುಮ್ಮೆನ್ನುವುದಿಲ್ಲವೇ? (ಅಂದ ಹಾಗೆ ಅವರು ಡಾಕ್ಟರೇಟ್ ಮಾಡಿದ್ದು, ಮುಂದೆ ಪ್ರಾಧ್ಯಾಪಕರಾಗಿದ್ದು ಆಡಮ್ಸ್‌ನ ಚಂದ್ರ ಮೂಡಿದ ಅದೇ ನ್ಯೂ ಮೆಕ್ಸಿಕೋದಲ್ಲಿ.)

ಈ "ಒರಟಾಗಿ ಸರಿಹೊಂದಿಸುವುದು" ಅಂದೆನಲ್ಲ, ಹೋದದ್ದು ಹೋಯಿತು, ಮರಳಿ ಬರುವುದಿಲ್ಲ. ತಿದ್ದಿ ಮತ್ತೆ ಜೆಪಿಇಜಿಯಾಗಿ ಉಳಿಸಿದಾಗಲೆಲ್ಲ ಇನ್ನೊಂದಿಷ್ಟು ಹೋಗುತ್ತದೆ. ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಹತ್ತು ಕೈ ದಾಟಿದ ಫೋಟೋ ಚೌಕಳಿ ಲುಂಗಿಯ ಹಾಗಾಗುವುದು ಇದಕ್ಕೇ. ಆದ್ದರಿಂದ ಹಳೆಯ ಫೋಟೋ ಸ್ಕ್ಯಾನ್ ಮಾಡುವಾಗ ಟಿಫ್‌ನಲ್ಲಿ ಉಳಿಸಿ, ಕನಿಷ್ಠ 600 ಡಿಪಿಐ ಇರಲಿ, ಆ ಫೈಲನ್ನು ಮುಟ್ಟಲೇಬೇಡಿ. ಏನೇ ತಿದ್ದುವುದಿದ್ದರೂ ಪ್ರತಿ ಮಾಡಿಕೊಂಡು, ಅದರಲ್ಲೂ ಹೊಸ ಲೇಯರ್ ಮೇಲೆ. ಜೆಪಿಇಜಿ ಕೊನೆಗೆ ಕಳಿಸಲು ಮಾತ್ರ. ನಾನು ಟಿಫ್ ಉಳಿಸಿಕೊಂಡಿದ್ದೆ, ನನ್ನ ಪುಣ್ಯ.

ಫೋಟೋಶಾಪ್ ಹುಟ್ಟಿದ್ದೂ ಒಂದು ಮನೆಯ ಕತ್ತಲೆ ಕೋಣೆಯ ನೆರಳಲ್ಲಿ. ಮಿಶಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗ್ಲೆನ್ ನೋಲ್‌ಗೆ ಫೋಟೋಗ್ರಫಿಯ ಹುಚ್ಚು, ಮನೆಯ ನೆಲಮಾಳಿಗೆಯಲ್ಲೇ ಡಾರ್ಕ್‌ರೂಮ್. ಮಕ್ಕಳಾದ ಥಾಮಸ್ ಮತ್ತು ಜಾನ್ ಅಲ್ಲೇ ಪ್ರಿಂಟ್ ಹಾಕಲು ಕಲಿತರು. 1987ರಲ್ಲಿ ಥಾಮಸ್ ಪಿಎಚ್.ಡಿ. ಮಾಡುತ್ತಾ, ಕಪ್ಪು ಬಿಳುಪು ಎರಡನ್ನೇ ತೋರಿಸಬಲ್ಲ ಮ್ಯಾಕ್ ಪ್ಲಸ್ ಪರದೆಯ ಮೇಲೆ ಬೂದು ಛಾಯೆಗಳನ್ನು ತೋರಿಸುವ ಪುಟ್ಟ ಪ್ರೋಗ್ರಾಂ ಬರೆದ. ಸಿನಿಮಾದ ಸ್ಪೆಷಲ್ ಎಫೆಕ್ಟ್ಸ್ ಕಂಪನಿಯಲ್ಲಿದ್ದ ತಮ್ಮ ಜಾನ್ ಅದನ್ನು ನೋಡಿ ಅದಿರಲಿ, ಇದಿರಲಿ ಅಂತ ಸೇರಿಸಿಸುತ್ತಾ ಹೋದ. ಡಾಡ್ಜು, ಬರ್ನು ಬಂದದ್ದು ಎಲ್ಲಿಂದ ಅಂತ ಈಗ ಬಿಡಿಸಿ ಹೇಳಬೇಕಿಲ್ಲವಷ್ಟೆ. ಜನರಿಗೆ ತೋರಿಸಲು ಜಾನ್ ಬಳಸುತ್ತಿದ್ದ ಫೋಟೋ ಯಾವುದು ಗೊತ್ತೇ? ಕಡಲ ದಂಡೆಯಲ್ಲಿ ಬೆನ್ನು ಹಾಕಿ ಕೂತ ಅವನ ಗೆಳತಿ ಜೆನ್ನಿಫರ್‌ಳದು. ಅವಳನ್ನೇ ಮದುವೆಯಾದ. ಅಡೋಬಿ ಕಂಪನಿ ಪ್ರೋಗ್ರಾಂ ಪರವಾನಗಿ ಪಡೆದು 1990ರ ಫೆಬ್ರವರಿಯಲ್ಲಿ ಫೋಟೋಶಾಪ್ 1.0 ಬಿಟ್ಟಿತು, ಮ್ಯಾಕ್‌ಗೆ ಮಾತ್ರ. ಲೇಯರ್‌ಗಳು ಬಂದದ್ದು 1994ರಲ್ಲಿ. ಪ್ರೋಗ್ರಾಂ ತೆರೆಯುವಾಗ ಮೂಡುವ ಹೆಸರುಗಳಲ್ಲಿ ಸೀತಾರಾಮನ್ ನಾರಾಯಣನ್ ಎಂಬ ಹೆಸರನ್ನು ಓದಿ ಓದಿ ನಮ್ಮಲ್ಲಿ ಎಷ್ಟು ಜನರಿಗೆ ಕಂಠಪಾಠ ಆಗಿಲ್ಲ ಹೇಳಿ :-) ದುಡ್ಡು ಕೊಡಲಾಗದ ನನ್ನಂಥವರಿಗೆ 1996ರಲ್ಲಿ ಬರ್ಕ್‌ಲಿಯ ಇಬ್ಬರು ವಿದ್ಯಾರ್ಥಿಗಳು ಗಿಂಪ್ ಬಿಟ್ಟು ಪುಣ್ಯ ಕಟ್ಟಿಕೊಂಡರು.

ನನ್ನ ಕೈಗೆ ಸಿಕ್ಕ ಆ ಹೀಲಿಂಗ್ ಬ್ರಷ್ ಫೋಟೋಶಾಪಿಗೆ 2002ರಲ್ಲಿ, ಗಿಂಪ್‌ಗೆ 2007ರಲ್ಲಿ ಬಂತು. ಒಂದು ಕಡೆಯ ಚರ್ಮದ ನೇಯ್ಗೆಯನ್ನು ತಂದು ಇನ್ನೊಂದು ಕಡೆಯ ಬೆಳಕಿಗೆ ಹೊಂದಿಸಿ ಕೂರಿಸುವುದು ಅದರ ಕೆಲಸ. ಎಷ್ಟು ಚೆನ್ನಾಗಿ ಕೂರಿಸುತ್ತದೆ ಅಂದರೆ ಅಲ್ಲೇನೋ ಇತ್ತು ಅನ್ನುವ ಗುರುತೂ ಉಳಿಯುವುದಿಲ್ಲ. ಇದಕ್ಕೂ ಹಿರಿಯಣ್ಣ ಉಂಟು, ಸ್ಟುಡಿಯೋದ ರೀಟಚಿಂಗ್ ಪೆನ್ಸಿಲ್. ಓರೆಯಾಗಿ ನಿಲ್ಲಿಸಿದ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯ ಹಾಗೆ ಚೂಪು ಮಾಡಿದ ಸೀಸದ ಕಡ್ಡಿಯಿಂದ ಚುಕ್ಕೆ ಚುಕ್ಕೆ ಇಡುವುದು. ನೆಗೆಟಿವ್‌ನಲ್ಲಿ ಪೆನ್ಸಿಲ್ ಬಿದ್ದಲ್ಲಿ ಬೆಳಕು ತಡೆದು ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಸುಕ್ಕು, ಕಣ್ಣ ಕೆಳಗಿನ ಕಪ್ಪು, ಕಲೆ, ಎಲ್ಲವೂ ಹಾಗೆ ಮಾಯ.

ಇದನ್ನು ಅತ್ತೆಗೆ ಫೋನಿನಲ್ಲಿ ಹೇಳುತ್ತಿದ್ದಾಗ ಅವರು ಸುಮ್ಮನೆ ಕೇಳಿಸಿಕೊಂಡು, "ಹೌದಲ್ಲೋ, ಅಮ್ಮನಿಗೆ ಮುಖದ ತುಂಬ ಸಿಡುಬಿನ ಕಲೆ ಇತ್ತು. ಫೋಟೋದಲ್ಲಿ ಒಂದೂ ಇಲ್ಲ ನೋಡು" ಅಂದರು.

ನಾನು ತಣ್ಣಗಾದೆ. ನಾನು ಅಜ್ಜಿಯ ನಿಜವಾದ ಮುಖ ಅಂದುಕೊಂಡದ್ದೇ ಆಗಲೇ ತಿದ್ದಿದ ಮುಖ!

ಮಚ್ಚೆಯನ್ನು ವಾಪಸ್ ತರಬೇಕಿತ್ತು. ಆದರೆ ಟಿಫ್ ತೆರೆದರೆ ಗಲ್ಲದ ಹತ್ತಿರ ಏಳು ಚುಕ್ಕೆ. ಮಚ್ಚೆ ಯಾವುದು, ಬೂಷ್ಟು ಯಾವುದು? ಇಲ್ಲಿ ಕೈ ಹಿಡಿದದ್ದು ಹಳಬರ ಇನ್ನೊಂದು ಉಪಾಯ. ಕಲೆಯಾದ ಫೋಟೋದ ನಕಲು ತೆಗೆಯುವಾಗ ಅವರು ಕಲೆಯದೇ ಬಣ್ಣದ ಫಿಲ್ಟರನ್ನು ಲೆನ್ಸಿಗೆ ಹಾಕುತ್ತಿದ್ದರು, ಕಲೆ ಹಿನ್ನೆಲೆಯಲ್ಲಿ ಕರಗಿ ಹೋಗುತ್ತಿತ್ತು. ಬಣ್ಣವನ್ನು ಕೆಂಪು, ಹಸಿರು, ನೀಲಿ ಮೂರಾಗಿ ಒಡೆಯುವುದನ್ನು 1861ರಲ್ಲೇ ಮ್ಯಾಕ್ಸ್‌ವೆಲ್ ಲಂಡನ್ನಿನಲ್ಲಿ ತೋರಿಸಿದ್ದ, ನಮ್ಮ ಕಂಪ್ಯೂಟರಿನ ಚಾನೆಲ್‌ಗಳು ಆ ಮೂರೇ. ಫೋಟೋ ಕಪ್ಪು ಬಿಳುಪಿನದಾದರೂ ನಾನು ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದೆ. ನೀವೂ ಹಾಗೇ ಮಾಡಿ, ಮರೆಯಬೇಡಿ. ನೀಲಿ ಚಾನೆಲ್ ಒಂದನ್ನೇ ನೋಡಿದರೆ ಏಳೂ ಚುಕ್ಕೆ ಕಪ್ಪಗೆ ಕೂತಿದ್ದವು. ಕೆಂಪು ಚಾನೆಲ್‌ಗೆ ಬಂದರೆ ಕಂದು ಚುಕ್ಕೆಗಳೆಲ್ಲ ಮಂಜಿನಂತೆ ಹೋಗಿ, ಎಡಗೆನ್ನೆಯ ಕೆಳಗೆ ಒಂದೇ ಒಂದು ಉಳಿಯಿತು. ಅದು ಬೂಷ್ಟಲ್ಲ, ಚಿತ್ರದ್ದೇ ಕಪ್ಪು, ಅದಕ್ಕೇ ಮೂರರಲ್ಲೂ ಇದೆ. ಎರಡು ಭಾನುವಾರ ನಾನು ಗುದ್ದಾಡಿದ ಚುಕ್ಕೆಗಳಲ್ಲಿ ಮುಕ್ಕಾಲು ಪಾಲು ಕೆಂಪು ಚಾನೆಲ್‌ನಲ್ಲಿ ಇರಲೇ ಇಲ್ಲ ಅನ್ನುವುದು ಬೇರೆ ಮಾತು.

ಆ ಚಿತ್ರವನ್ನು ಅತ್ತೆಯ ಮೊಮ್ಮಗನ ಮೊಬೈಲಿಗೆ ಕಳಿಸಿದೆ. ಅವನು ಮೊದಲೇ ಯಾವುದೋ ಎಐ ಆ್ಯಪಿಗೆ ಹಾಕಿ ಬಣ್ಣ ಬಳಿದು ನನಗೆ ಕಳಿಸಿದ್ದ. ಅದರಲ್ಲಿ ಅಜ್ಜಿಗೆ ಯಾವ ಕಾಲದಲ್ಲೂ ಇರದಿದ್ದ ಸಾಲು ಹಲ್ಲುಗಳ ನಗು. ಅತ್ತೆ ಅದನ್ನು ನೋಡಿ "ಯಾರದು ಇದು?" ಅಂದಿದ್ದರಂತೆ. ಈ ಸಲ ಅವರೇ ಫೋನ್ ಮಾಡಿದರು.

"ಸ್ಟುಡಿಯೋಕ್ಕೆ ನಾನೂ ಹೋಗಿದ್ದೆ ಕಣೋ. ಫೋಟೋ ತೆಗ್ಯೋನು ಅಪ್ಪಯ್ಯನ ಹತ್ರ, ಕಲೆ ತೆಗೀಬೇಕಾ ರಾಯರೇ ಅಂತ ಕೇಳಿದ. ಅಪ್ಪಯ್ಯ ಸುಮ್ಮನಿದ್ರು. ಅಮ್ಮ ಗಂಡಸರ ಎದುರು ಮಾತಾಡಿದ್ದು ನಾನು ಕಂಡಿದ್ದೇ ಕಡಿಮೆ. ಅವತ್ತು ಅವಳೇ ಹೇಳಿದ್ಲು, ಕಲೆ ತೆಗೀರಿ, ಮಚ್ಚೆ ನನ್ನದು, ಅದಿರಲಿ ಅಂತ."

"ಹಾಗಾದ್ರೆ ಸಿಡುಬಿನ ಕಲೆ...?" ಅಂತ ಶುರು ಮಾಡಿದೆ.

"ಅವಳೇ ತೆಗೆಸಿದ್ದಲ್ವನೋ, ನೀನ್ಯಾಕೆ ಹಾಕ್ತೀಯ?" ಅಂದರು.

ಕೆಂಪು ಚಾನೆಲ್‌ನಿಂದಲೇ ಹೊಸ ಪ್ರಿಂಟ್ ಹಾಕಿಸಿದ್ದೇನೆ. ಗಲ್ಲದ ಹತ್ತಿರ ಬ್ರಷ್ ತಾಗಿಸಿಲ್ಲ. ಹುಳ ತಿಂದ ಮೂಲೆಯ ತೇಪೆಯನ್ನೂ ತೆಗೆದು ಹಾಗೇ ಬಿಟ್ಟೆ. ಹಳೆಯ ಕಟ್ಟಿನಲ್ಲಿ ಹೇಗೂ ಆ ಮೂಲೆ ಒಳಗೆ ಸೇರಿಕೊಳ್ಳುತ್ತದೆ. ಮೊದಲನೆಯ ಪ್ರಿಂಟನ್ನು ಏನು ಮಾಡಿದಿರಿ ಅಂತ ಅತ್ತೆಯನ್ನು ಕೇಳಿದರೆ, ಅದರ ಮೇಲೆ ಕಾಡಿಗೆ ಕಡ್ಡಿಯಿಂದ ಒಂದು ಚುಕ್ಕೆ ಇಟ್ಟು ದೇವರ ಕೋಣೆಯಲ್ಲಿ ಇಟ್ಟುಕೊಂಡಿದ್ದಾರಂತೆ.